ತಿಳಿಸದೆ ದಾರಿ ಬಿಟ್ಟವರಿಗೆ ಯಾವ ಕಟ್ಟಳೆ?

2020ರ ಏಪ್ರಿಲ್ 23ರಂದು ಫ್ರಾಂಕ್ಲಿನ್ ಟೆಂಪಲ್ಟನ್ ಮ್ಯೂಚುವಲ್ ಫಂಡ್ ತನ್ನ ಆರು ಡೆಟ್ ಯೋಜನೆಗಳನ್ನು ಮುಚ್ಚುವುದಾಗಿ ಘೋಷಿಸಿತು. ಸುಮಾರು ಮೂರು ಲಕ್ಷ ಜನರ 25,000 ಕೋಟಿ ರೂಪಾಯಿ ಅಲ್ಲೇ ನಿಂತಿತು. ಬೇರೆ ಬೇರೆ ರಾಜ್ಯಗಳಲ್ಲಿ ದಾಖಲಾದ ಮೊಕದ್ದಮೆಗಳೆಲ್ಲ ಸುಪ್ರೀಂ ಕೋರ್ಟಿನ ಆದೇಶದಂತೆ ಕರ್ನಾಟಕ ಹೈಕೋರ್ಟಿಗೆ ಬಂದವು. ಯೂನಿಟ್‌ದಾರರ ಬಹುಮತದ ಒಪ್ಪಿಗೆಯಿಲ್ಲದೆ ಟ್ರಸ್ಟಿಗಳು ಯೋಜನೆ ಮುಚ್ಚುವಂತಿಲ್ಲ ಎಂದು ಆ ಅಕ್ಟೋಬರ್ 24ರಂದು ಹೈಕೋರ್ಟ್ ತೀರ್ಪಿತ್ತಿತು. ಮರುವರ್ಷ ಜುಲೈಯಲ್ಲಿ ಸುಪ್ರೀಂ ಕೋರ್ಟ್ ಕೂಡ ಒಪ್ಪಿಗೆ ಬೇಕೇ ಬೇಕು ಎಂದಿತು.

ಹೈಕೋರ್ಟಿನದು ಧೈರ್ಯದ ತೀರ್ಪು, ಅನುಮಾನವಿಲ್ಲ. ಆದರೆ ಅದು ಕಾಯುವುದು ಕೊನೆಯ ಗಳಿಗೆಯ ಹಕ್ಕನ್ನು ಮಾತ್ರ. 2020ರ ಡಿಸೆಂಬರಿನಲ್ಲಿ ಮತ ಹಾಕಿದವರಲ್ಲಿ ಶೇ 96ಕ್ಕೂ ಹೆಚ್ಚು ಮಂದಿ ಮುಚ್ಚಲು ಒಪ್ಪಿದರು. ಆ ಹೊತ್ತಿಗೆ ಅವರಿಗೆ ಬೇರೆ ದಾರಿಯಾದರೂ ಎಲ್ಲಿತ್ತು? ಮುಂದೆ ಹಣವೇನೋ ಕಂತುಕಂತಾಗಿ ಹಿಂದಿರುಗಿತು. ಅದಕ್ಕಾಗಿ ತಪ್ಪು ತಪ್ಪಲ್ಲ ಎನ್ನಲಾಗದು.

ತಪ್ಪು ನಡೆದದ್ದು ಮುಚ್ಚುವ ಮುಂಚೆಯೇ. ಅಲ್ಟ್ರಾ ಶಾರ್ಟ್ ಎಂಬ ಹೆಸರಿನ ಯೋಜನೆಯ ಮೆಕಾಲೆ ಅವಧಿ, ಅಂದರೆ ಸಾಲಪತ್ರಗಳಿಂದ ಹಣ ಹಿಂದಿರುಗಲು ಹಿಡಿಯುವ ಸರಾಸರಿ ಕಾಲ, ಮೂರರಿಂದ ಆರು ತಿಂಗಳಿರಬೇಕು. ದೀರ್ಘಾವಧಿಯ ಸಾಲಪತ್ರಗಳನ್ನು, ಬಡ್ಡಿದರ ಬದಲಾಗುವ ದಿನವನ್ನೇ ಸಾಲ ತೀರುವ ದಿನವೆಂದು ಎಣಿಸಿ, ಅಲ್ಪಾವಧಿ ಯೋಜನೆಗಳಿಗೆ ತುಂಬಲಾಗಿತ್ತು ಎಂದು ಮಾರುಕಟ್ಟೆ ನಿಯಂತ್ರಕ ಸಂಸ್ಥೆ ಸೆಬಿ 2021ರ ಜೂನ್ 7ರ ಆದೇಶದಲ್ಲಿ ಹೇಳಿತು. ಹೆಸರು ಬೇರೆಯಾದರೂ ಯೋಜನೆಗಳ ಹೂಡಿಕೆಯ ನಡೆ ಒಂದೇ ಎಂದೂ ಕಂಡುಕೊಂಡಿತು. ಬಡ್ಡಿ ಸೇರಿ 512 ಕೋಟಿ ರೂಪಾಯಿ ನಿರ್ವಹಣಾ ಶುಲ್ಕ ಹಿಂದಿರುಗಿಸಲು, 5 ಕೋಟಿ ದಂಡ ಕಟ್ಟಲು ಆದೇಶಿಸಿತು. ಸಂಸ್ಥೆ ಮೇಲ್ಮನವಿ ನ್ಯಾಯಮಂಡಳಿಗೆ ಹೋಯಿತು.

ನನ್ನನ್ನು ಕಾಡುವುದು ಇಲ್ಲಿಯ ಅಸಮತೋಲನ. ಆ ಪ್ರಕರಣಕ್ಕೆ ಅನ್ವಯಿಸಿದ ಸೆಬಿಯ 1996ರ ನಿಯಮಾವಳಿಯಂತೆ, ಯೋಜನೆಯ ಮೂಲ ಗುಣಲಕ್ಷಣ ಬದಲಿಸುವ ಸಂಸ್ಥೆ ಪ್ರತಿ ಹೂಡಿಕೆದಾರರಿಗೂ ಪತ್ರ ಬರೆಯಬೇಕು, ಪತ್ರಿಕೆಯಲ್ಲಿ ಪ್ರಕಟಿಸಬೇಕು, ನಿರ್ಗಮನ ಶುಲ್ಕವಿಲ್ಲದೆ ಹೊರಬರಲು ಅವಕಾಶ ಕೊಡಬೇಕು. ಹೇಳಿ ಬದಲಿಸಿದವನಿಗೆ ಇಷ್ಟೆಲ್ಲ ಹೊಣೆ. ಹೇಳದೆ ಜಾರಿದವನ ವಿರುದ್ಧ ಹೂಡಿಕೆದಾರನಿಗೆ ಉಳಿಯುವುದು ದೂರು, ಕಾಯುವಿಕೆ.

ನಿರ್ವಹಣಾ ಸಂಸ್ಥೆಯನ್ನೇ ತೆಗೆದುಹಾಕುವ ಅಧಿಕಾರ ಶೇ 75ರಷ್ಟು ಯೂನಿಟ್‌ದಾರರಿಗೆ ಆ ನಿಯಮಾವಳಿಯಲ್ಲಿತ್ತು. ಮಂಗಳೂರಿನ ನಿವೃತ್ತ ನೌಕರರೊಬ್ಬರು ತಮ್ಮಂತೆಯೇ ಹಣ ಹಾಕಿದ, ಮುಖಪರಿಚಯವೂ ಇಲ್ಲದ ಲಕ್ಷಾಂತರ ಜನರನ್ನು ಒಟ್ಟುಗೂಡಿಸುವುದು ಹೇಗೆ? ಅದಕ್ಕಿಂತ, ಯೋಜನೆ ತನ್ನ ಉದ್ದೇಶ ಮೀರಿದೆ ಎಂದು ಸೆಬಿ ನಿರ್ಧರಿಸಿದ ಗಳಿಗೆಯಲ್ಲೇ ಅದನ್ನು ಮೂಲ ಗುಣಲಕ್ಷಣದ ಬದಲಾವಣೆ ಎಂದು ಪರಿಗಣಿಸಲಿ. ಪತ್ರ, ಪ್ರಕಟಣೆ, ಶುಲ್ಕವಿಲ್ಲದ ನಿರ್ಗಮನ ಎಲ್ಲವೂ ಕಡ್ಡಾಯವಾಗಲಿ. ದಾರಿ ಬಿಟ್ಟ ಅವಧಿಯ ಶುಲ್ಕ ಹೂಡಿಕೆದಾರರ ಖಾತೆಗೆ ನೇರ ಹಿಂದಿರುಗಲಿ.