ಆಲ್‌ಫ್ರೆಸ್ಕೋ ತಂತ್ರಾಂಶದಲ್ಲಿ ಪಾಠರಕ್ಷಣೆ

ಸಂಸ್ಥೆಗಳ ಲೇಖ್ಯಗಳನ್ನು ಗಣಕಯಂತ್ರದಲ್ಲಿ ಕಾಪಾಡುವ ತಂತ್ರಾಂಶಗಳಲ್ಲಿ ಆಲ್‌ಫ್ರೆಸ್ಕೋ ಪ್ರಸಿದ್ಧವಾದುದು. ಜಾನ್ ನ್ಯೂಟನ್, ಜಾನ್ ಪೊವೆಲ್ ಎಂಬವರು 2005ರಲ್ಲಿ ಇಂಗ್ಲೆಂಡಿನಲ್ಲಿ ಇದನ್ನು ಆರಂಭಿಸಿದರು. ಇದರ ಕಮ್ಯೂನಿಟಿ ಆವೃತ್ತಿಯ ಮೂಲಸಂಕೇತವು ಎಲ್ಲರಿಗೂ ತೆರೆದಿರುವುದು. ಓಲೆಗ್ರಂಥಗಳ ಪ್ರತಿಲೇಖಗಳನ್ನೂ ಇದರಲ್ಲಿ ಇರಿಸಬಹುದಾದುದರಿಂದ ಗ್ರಂಥಸಂಪಾದಕರ ದೃಷ್ಟಿಯಿಂದ ಇದನ್ನು ಪರೀಕ್ಷಿಸುವುದು ಉಚಿತವಾಗಿದೆ.

ಇದರ ರಚನೆಯನ್ನು ತಾರ್ಕಿಕರು ಮೆಚ್ಚತಕ್ಕುದು. ಪ್ರತಿಯೊಂದು ಲೇಖ್ಯಕ್ಕೂ 'ಟೈಪ್' ಒಂದೇ; ಅದು ಜಾತಿಯಂತೆ. 'ಆಸ್ಪೆಕ್ಟ್' ಎಂಬ ಲಕ್ಷಣಸಮೂಹಗಳನ್ನಾದರೋ ಬೇಕಾದಷ್ಟು ಸೇರಿಸಬಹುದು, ತೆಗೆಯಬಹುದು, ಇವು ಉಪಾಧಿಗಳಂತೆ. ಕರ್ತೃ, ವಿಷಯ ಮೊದಲಾದ ಡಬ್ಲಿನ್ ಕೋರ್ ಲಕ್ಷಣಗಳನ್ನು ಹೊಂದಿಸುವುದಕ್ಕೆ ಲೇಖ್ಯದ ಜಾತಿಯನ್ನೇ ಬದಲಿಸಬೇಕಾಗಿಲ್ಲ. ಅಚ್ಚಾದ ಸೂಚೀಪತ್ರಗಳಿಗೆ ಈ ಸೌಕರ್ಯವೆಲ್ಲಿಯದು?

ಪಾಠರಕ್ಷಣೆಯಲ್ಲಿ ಮಾತ್ರ ಒಂದು ನ್ಯೂನತೆಯುಂಟು. 'ವರ್ಷನೆಬಲ್' ಎಂಬ ಆಸ್ಪೆಕ್ಟನ್ನು ಪಡೆದ ಪ್ರತಿಲೇಖದಲ್ಲಿ ಒಂದಕ್ಷರವನ್ನು ತಿದ್ದಿದರೂ ಹಿಂದಿನ ಪಾಠವು ಸಂಖ್ಯಾಸಹಿತವಾಗಿ ಉಳಿಯುವುದು. ಲಕ್ಷಣಗಳನ್ನಷ್ಟೇ ತಿದ್ದಿದರೆ, ಮೊದಲಿಂದಿರುವ ಏರ್ಪಾಟಿನಂತೆ, ಹೊಸ ಪಾಠಸಂಖ್ಯೆ ಹುಟ್ಟುವುದಿಲ್ಲ. ಕಛೇರಿಯ ರಸೀತಿಗಳಿಗೆ ಇದರಿಂದ ಹಾನಿಯಿಲ್ಲದಿರಬಹುದು. ಗ್ರಂಥಗಳ ವಿಷಯ ಹಾಗಲ್ಲ. ಕವಿ ಯಾರು, ಕಾಲ ಯಾವುದು ಎಂಬ ಲಕ್ಷಣಗಳ ಮೇಲೆಯೇ ಪಂಡಿತರ ವಾದವೆಲ್ಲ ನಿಂತಿರುವುದು. ಅಜ್ಞಾತಕರ್ತೃಕವಾದ ಗ್ರಂಥಕ್ಕೆ ಯಾರೋ ಒಬ್ಬ ಕವಿಯ ಹೆಸರನ್ನು ತುಂಬಿದರೆಂದಿಟ್ಟುಕೊಳ್ಳೋಣ. ಕೊನೆಗೆ ತಿದ್ದಿದವರ ಹೆಸರೂ ದಿನವೂ ಲೇಖ್ಯದಲ್ಲಿ ಇರುವುವು ನಿಜ. ತಿದ್ದಿದುದು ಏನನ್ನೆಂಬುದು ಪಾಠಗಳ ಪಟ್ಟಿಯಲ್ಲಿ ಕಾಣದು. ಲಿಪಿಕಾರನ ಕೈತಪ್ಪಿಗೆ ಸಾಕ್ಷಿಯುಂಟು, ವಿದ್ವಾಂಸನ ಊಹೆಗೆ ಇಲ್ಲ!

ಇದಕ್ಕೆ ಪರಿಹಾರವು ತಂತ್ರಾಂಶದಲ್ಲಿಯೇ ಇದೆ. 'ಆಟೋ ವರ್ಷನ್ ಆನ್ ಅಪ್‌ಡೇಟ್ ಪ್ರಾಪ್ಸ್' ಎಂಬ ಗುಣವನ್ನು ಜಾರಿಗೊಳಿಸಿದರೆ ಲಕ್ಷಣಗಳ ಮಾರ್ಪಾಟಿಗೂ ಪಾಠಸಂಖ್ಯೆ ದೊರೆಯುವುದು. ಗ್ರಂಥಭಂಡಾರಗಳು ಇದನ್ನು ಮೊದಲ ಲೇಖ್ಯವನ್ನು ಸೇರಿಸುವುದಕ್ಕೆ ಮುಂಚೆಯೇ ಮಾಡತಕ್ಕುದು. ಅದಕ್ಕೆ ಹಿಂದೆ ಅಳಿದ ಲಕ್ಷಣಗಳು ಆ ಪಟ್ಟಿಗೆ ಮರಳಿ ಬಾರವು.