ಠಾಣೆಯ ಮೆಟ್ಟಿಲು ಹತ್ತದ ಪತ್ತೇದಾರ

ಕನ್ನಡದ ಮೊದಲ ಸಾಮಾಜಿಕ ಕಾದಂಬರಿ ಎಂದು ಹೆಸರಾದ 'ಇಂದಿರಾಬಾಯಿ'ಯನ್ನು ಬರೆದವರು ಪೊಲೀಸ್ ಇಲಾಖೆಯಲ್ಲಿ ಕೆಲಸ ಮಾಡಿದ್ದ ಗುಲ್ವಾಡಿ ವೆಂಕಟರಾಯರು. ಪುಸ್ತಕ 1899ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ ಅಚ್ಚಾಯಿತು. 1903ರ ಹೊತ್ತಿಗೆ ಕೂಚ್‌ಮನ್ ಎಂಬ ಬ್ರಿಟಿಷ್ ಅಧಿಕಾರಿಯಿಂದ ಇಂಗ್ಲಿಷಿಗೂ ಹೋಯಿತು. ಅದರಲ್ಲಿ ಬಾಲವಿಧವೆಯ ಓದಿದೆ, ಒಲವಿದೆ, ಮರುಮದುವೆಯಿದೆ, ಧರ್ಮದ ಹೆಸರಿನಲ್ಲಿ ನಡೆಯುವ ಮೋಸವಿದೆ. ಆದರೆ ಕಥೆ ತನಿಖೆಯ ದಾರಿ ಹಿಡಿಯುವುದಿಲ್ಲ. ಅಪರಾಧವನ್ನು ದಿನವೂ ಕಂಡ ಮನುಷ್ಯ ಕಾದಂಬರಿಗೆ ಕೂತಾಗ ಸಮಾಜ ಸುಧಾರಣೆಯನ್ನು ಆರಿಸಿಕೊಂಡರು. ಆ ಕಾಲಕ್ಕೆ ಅದು ಸರಿಯಾದ ಆಯ್ಕೆಯೇ. ಅಚ್ಚರಿಯ ಸಂಗತಿ ಬೇರೆ: ಅಲ್ಲಿಂದೀಚೆಗೆ ನೂರಿಪ್ಪತ್ತೈದು ವರ್ಷ ಕಳೆದರೂ ಪೊಲೀಸ್ ತನಿಖೆ, ಪ್ರೇಮ ಮತ್ತು ನಾಳಿನ ಕಾಲ ಈ ಮೂರನ್ನೂ ಒಂದೇ ಹೆಣಿಗೆಯಲ್ಲಿ ಹಿಡಿಯುವ ಪರಂಪರೆಯೊಂದು ಕನ್ನಡದಲ್ಲಿ ಬೇರುಬಿಟ್ಟಿಲ್ಲ.

ಇಂಗ್ಲಿಷಿನಲ್ಲಿ ಈ ಬೆರಕೆಗೆ ಈಗ ದೊಡ್ಡ ಮಾರುಕಟ್ಟೆಯೇ ಇದೆ. ಅಲ್ಲಿಯೂ ಅದಕ್ಕೆ ಸುಲಭವಾಗಿ ಪ್ರವೇಶ ಸಿಗಲಿಲ್ಲ. 1928ರಲ್ಲಿ ಎಸ್.ಎಸ್. ವ್ಯಾನ್ ಡೈನ್ ಪತ್ತೇದಾರಿ ಕಥೆಗೆ ಇಪ್ಪತ್ತು ಕಟ್ಟಳೆ ಬರೆದಾಗ, ಪ್ರೇಮ ಪ್ರಕರಣ ಒಳಗೆ ಬರಕೂಡದು ಎಂಬುದೂ ಅವುಗಳಲ್ಲಿ ಒಂದಾಗಿತ್ತು. ವಿಜ್ಞಾನ ಕಥೆಗೂ ಪತ್ತೇದಾರಿಗೂ ಹೊಂದಿಕೆಯಾಗದು ಎಂಬ ವಾದವೂ ಇತ್ತು. ಲೇಖಕ ಕೊನೆಯ ಪುಟದಲ್ಲಿ ಹೊಸ ಯಂತ್ರವೊಂದನ್ನು ಜೇಬಿನಿಂದ ತೆಗೆದರೆ ಓದುಗ ಮೋಸಹೋದಂತೆಯೇ ಅಲ್ಲವೇ? ಐಸಾಕ್ ಅಸಿಮೋವ್ 1954ರ 'ದಿ ಕೇವ್ಸ್ ಆಫ್ ಸ್ಟೀಲ್'ನಲ್ಲಿ ಇದಕ್ಕೆ ಉತ್ತರ ಕೊಟ್ಟರು. ಭವಿಷ್ಯದ ನ್ಯೂಯಾರ್ಕಿನ ಪೊಲೀಸನೊಬ್ಬನಿಗೆ ರೋಬೋ ಜೊತೆಗಾರ; ಆ ಲೋಕದ ಕಾನೂನುಗಳೆಲ್ಲ ಓದುಗನಿಗೆ ಮೊದಲೇ ಗೊತ್ತು; ಸುಳಿವುಗಳು ಆ ಚೌಕಟ್ಟಿನೊಳಗೇ ಸಿಗಬೇಕು.

ಪ್ರೇಮದ ಮೇಲಿನ ನಿಷೇಧವನ್ನು ಪೂರ್ತಿ ಮುರಿದವರು ನೋರಾ ರಾಬರ್ಟ್ಸ್. ಜೆ.ಡಿ. ರಾಬ್ ಎಂಬ ಹೆಸರಿನಲ್ಲಿ 1995ರಲ್ಲಿ ಅವರು ಬರೆದ 'ನೇಕೆಡ್ ಇನ್ ಡೆತ್' ನಡೆಯುವುದು 2058ರಲ್ಲಿ. ಆ ಕಾಲಕ್ಕೆ ಬಂದೂಕು ಹಳೆಯ ಸಾಮಾನು, ಸಂಗ್ರಹಕಾರರ ಕಪಾಟಿನಲ್ಲಿರುವ ವಸ್ತು. ಕೊಲೆಗಾರ ಬಳಸುವುದು ಅಂಥದ್ದೇ ಬಂದೂಕನ್ನು. ಹಾಗಾಗಿ ಶಂಕಿತರ ಪಟ್ಟಿಗೆ ಅಂಥ ಬಂದೂಕುಗಳನ್ನು ಸಂಗ್ರಹಿಸುವ ಶ್ರೀಮಂತ ರೋರ್ಕ್ ಬರುತ್ತಾನೆ. ತನಿಖಾಧಿಕಾರಿ ಈವ್ ಡಲ್ಲಾಸ್ ಮನಸೋಲುವುದೂ ಅವನಿಗೇ. ಮೂರು ಎಳೆಗಳಲ್ಲಿ ಯಾವೊಂದನ್ನು ಕಿತ್ತರೂ ಕಥೆ ನಿಲ್ಲುವುದಿಲ್ಲ. ಐವತ್ತಕ್ಕೂ ಹೆಚ್ಚು ಪುಸ್ತಕಗಳಿಗೆ ಬೆಳೆದ ಈ ಸರಣಿಯ ಭಾಷೆ ಸಾಧಾರಣ, ಕಟ್ಟಡ ಮಾತ್ರ ಗಟ್ಟಿ.

ಈ ಅಳತೆಗೋಲು ಹಿಡಿದು ಕನ್ನಡದ ಕಡೆ ತಿರುಗಿದರೆ ಮೊದಲು ಕಾಣುವುದು ಸಮೃದ್ಧಿಯೇ. ನಾಲ್ಕನೇ ತರಗತಿಯವರೆಗೆ ಓದಿದ್ದ ಎನ್. ನರಸಿಂಹಯ್ಯ 1952ರಲ್ಲಿ ಪತ್ತೇದಾರ ಪುರುಷೋತ್ತಮನನ್ನು ಕನ್ನಡಕ್ಕೆ ತಂದರು. ಆಮೇಲೆ ಮಧುಸೂದನ, ಅರಿಂಜಯ, ಗಾಳಿರಾಯ ಬಂದರು. ಒಟ್ಟು ಐನೂರಕ್ಕೂ ಹೆಚ್ಚು ಕಾದಂಬರಿಗಳು. ಕನ್ನಡ ಬಾವುಟದ ವಿನ್ಯಾಸಕ್ಕಾಗಿ ನೆನಪಾಗುವ ಮ. ರಾಮಮೂರ್ತಿ ಹೊಟ್ಟೆಪಾಡಿಗೆ ನೆಚ್ಚಿದ್ದು ಪತ್ತೇದಾರಿ ಕಾದಂಬರಿಗಳನ್ನು. ಟಿ.ಕೆ. ರಾಮರಾವ್ ನಿಗೂಢ ಕಥೆಗಳ ಕೈಪಳಗಿದ ಬರಹಗಾರರು, 'ಬಂಗಾರದ ಮನುಷ್ಯ'ದ ಮೂಲ ಕಾದಂಬರಿಯೂ ಅವರದೇ. ಶಿವರಾಮ ಕಾರಂತರು ಕೂಡ ಎಳೆಯ ಹರೆಯದಲ್ಲಿ 'ವಿಚಿತ್ರಕೂಟ'ದಂಥ ಪತ್ತೇದಾರಿ ಬರಹದಲ್ಲಿ ಕೈಯಾಡಿಸಿ, ಆಮೇಲೆ ಆ ದಾರಿ ಬಿಟ್ಟರು.

ವಿಮರ್ಶೆ ಇವರನ್ನು ನಡೆಸಿಕೊಂಡ ರೀತಿ ಸ್ವಾರಸ್ಯಕರ. ರಾಮಮೂರ್ತಿಯವರಿಗೆ ಗೌರವ ಸಿಕ್ಕಿದ್ದು ಬಾವುಟದಿಂದ, ರಾಮರಾಯರಿಗೆ ಸಿನಿಮಾದಿಂದ. ನರಸಿಂಹಯ್ಯನವರಿಗೆ 'ಕನ್ನಡಿಗರಿಗೆ ಓದುವ ಚಟ ಹತ್ತಿಸಿದವರು' ಎಂಬ ಹೊಗಳಿಕೆ ಸಿಕ್ಕಿತು. ಮೂರೂ ಗೌರವಗಳು ನಿಜವಾದವೇ. ಆದರೆ ಅವರ ಕಾದಂಬರಿಗಳ ಒಳಗೆ ಏನಿದೆ, ಸುಳಿವು ಹೇಗೆ ಕೂಡುತ್ತದೆ, ಎಲ್ಲಿ ಕೈಕೊಡುತ್ತದೆ ಎಂದು ಪುಟ ತಿರುವಿ ನೋಡಿದ ವಿಮರ್ಶಕರು ಕಡಿಮೆ. ಜನಪ್ರಿಯ ಎಂಬ ಹಣೆಪಟ್ಟಿ ಬಿದ್ದ ಮೇಲೆ ತಿದ್ದುವವರೂ ಇರಲಿಲ್ಲ, ಕಲಿಸುವವರೂ ಇರಲಿಲ್ಲ. ಪ್ರಕಾರ ತನ್ನ ಚಾಳಿಯಲ್ಲೇ ಮುಂದುವರಿಯಿತು.

ಆ ಚಾಳಿಗಳಲ್ಲಿ ದೊಡ್ಡದು ಪೊಲೀಸ್ ಠಾಣೆಯನ್ನು ತಪ್ಪಿಸಿ ನಡೆಯುವುದು. ಈ ಪರಂಪರೆಯ ಮಾದರಿ ನಾಯಕ ಖಾಸಗಿ ಪತ್ತೇದಾರ, ಬೇಕರ್ ಸ್ಟ್ರೀಟಿನ ದೂರದ ನೆಂಟ. ಇನ್ಸ್‌ಪೆಕ್ಟರು ಬರುವುದು ಕೊನೆಯಲ್ಲಿ, ಕೋಳ ತೊಡಿಸಲಿಕ್ಕೆ. ಕರ್ನಾಟಕದಲ್ಲಿ ಕೊಲೆ ಕೇಸು ಖಾಸಗಿ ಪತ್ತೇದಾರನ ಕೈಗೆ ಬರುವುದಿಲ್ಲ ಎಂಬುದು ಓದುಗರಿಗೂ ಗೊತ್ತು, ಲೇಖಕರಿಗೂ ಗೊತ್ತು. ಆದರೂ ಆ ಸುಳ್ಳನ್ನು ಇಬ್ಬರೂ ಒಪ್ಪಿಕೊಂಡರು, ಯಾಕೆಂದರೆ ಠಾಣೆಯ ದಿನಚರಿ ಬರಹಗಾರರಿಗೆ ಪರಿಚಯವಿರಲಿಲ್ಲ.

ನಿಜವಾದ ತನಿಖೆಯ ರೋಚಕತೆ ಇರುವುದೇ ಆ ದಿನಚರಿಯಲ್ಲಿ. ಸ್ಥಳ ಮಹಜರು ಬರೆಯುವ ಹೊತ್ತನ್ನೇ ನೋಡಬಹುದು. ಪಂಚರಾಗಿ ನಿಲ್ಲಲು ಯಾರೂ ಸುಲಭಕ್ಕೆ ಒಪ್ಪುವುದಿಲ್ಲ, ಕೋರ್ಟಿಗೆ ಅಲೆಯಬೇಕಲ್ಲ ಎಂಬ ಭಯ. ಹೆಣ ಬಿದ್ದ ಜಾಗದ ಪೂರ್ವಕ್ಕೆ ಏನು, ಪಶ್ಚಿಮಕ್ಕೆ ಏನು ಎಂದು ಚೆಕ್ಕುಬಂದಿ ಬರೆಯಬೇಕು. ಸಿಕ್ಕ ವಸ್ತುವನ್ನು ಬಟ್ಟೆಯಲ್ಲಿ ಹೊಲಿದು ಅರಗಿನ ಮೊಹರು ಒತ್ತಬೇಕು. ವರ್ಷಗಳ ನಂತರ ಅದೇ ಪಂಚ ಸಾಕ್ಷಿಕಟ್ಟೆಯಲ್ಲಿ 'ಪೊಲೀಸರು ಹೇಳಿದಲ್ಲಿ ಸಹಿ ಹಾಕಿದೆ' ಎಂದುಬಿಟ್ಟರೆ ಕೇಸು ಅಲುಗಾಡುತ್ತದೆ. ಒಂದು ಮೊಹರು, ಒಂದು ಸಹಿ, ಒಬ್ಬ ಹೆದರಿದ ಸಾಕ್ಷಿ: ಇಷ್ಟರ ಮೇಲೆ ಇಡೀ ಕಾದಂಬರಿ ನಿಲ್ಲಿಸಬಹುದು. ಸಿನಿಮಾ ಇದನ್ನು ಒಮ್ಮೊಮ್ಮೆ ಗಮನಿಸಿದೆ. 2019ರ 'ಕವಲುದಾರಿ'ಯಲ್ಲಿ ಸಂಚಾರ ಪೊಲೀಸನೊಬ್ಬ ತನ್ನದಲ್ಲದ ಹಳೆಯ ಕೇಸಿನ ಬೆನ್ನು ಹತ್ತುತ್ತಾನೆ. ಆ ಅಧಿಕಾರದ ಗಡಿಯೇ ಚಿತ್ರದ ಬಿಗಿ.

ಇನ್ನು ಪ್ರೇಮ. ಕನ್ನಡದಲ್ಲಿ ಅದಕ್ಕೆ ಬರವಿಲ್ಲ. ಸಾಯಿಸುತೆಯವರೊಬ್ಬರದೇ ನೂರಕ್ಕೂ ಹೆಚ್ಚು ಕಾದಂಬರಿಗಳಿವೆ. ವಾರಪತ್ರಿಕೆಗಳ ಧಾರಾವಾಹಿ, ಸರ್ಕ್ಯುಲೇಟಿಂಗ್ ಲೈಬ್ರರಿಯ ಕಪಾಟು ಎರಡರಲ್ಲೂ ಪ್ರೇಮದ ಪುಸ್ತಕ ಒಂದು ಕಡೆ, ಪತ್ತೇದಾರಿ ಇನ್ನೊಂದು ಕಡೆ. ಓದುವವರು ಹೆಂಗಸರು, ಗಂಡಸರು ಎಂಬ ವಿಂಗಡಣೆಯನ್ನೂ ಮಾರುಕಟ್ಟೆ ತಾನೇ ಮಾಡಿಕೊಂಡಿತು. ಒಬ್ಬನೇ ಲೇಖಕನ ಒಳಗೂ ಈ ಗೋಡೆ ಎದ್ದು ನಿಂತದ್ದಕ್ಕೆ ರವಿ ಬೆಳಗೆರೆ ಒಳ್ಳೆಯ ಉದಾಹರಣೆ. 'ಪಾಪಿಗಳ ಲೋಕದಲ್ಲಿ' ಬರೆದು ಭೂಗತ ಲೋಕವನ್ನು ಮನೆಮನೆಗೆ ತಂದ ಕೈಯೇ 'ಹೇಳಿ ಹೋಗು ಕಾರಣ' ಎಂಬ ಪ್ರೇಮ ಕಾದಂಬರಿ ಬರೆಯಿತು. ಎರಡಕ್ಕೂ ಓದುಗರು ಮುಗಿಬಿದ್ದರು. ಆದರೆ ಒಂದರ ಬಲ ಇನ್ನೊಂದಕ್ಕೆ ಒದಗಲಿಲ್ಲ.

ಗೋಡೆ ದಾಟಿದ ಪುಸ್ತಕವೊಂದು ತೆಲುಗಿನಿಂದ ಬಂತು. ಯಂಡಮೂರಿ ವೀರೇಂದ್ರನಾಥರ 'ಬೆಳದಿಂಗಳ ಬಾಲೆ'ಯಲ್ಲಿ ಚದುರಂಗ ಪಟುವೊಬ್ಬ ಫೋನಿನಲ್ಲಿ ಕೇಳುವ ದನಿಯ ಒಡತಿಯನ್ನು ಸುಳಿವು ಹಿಡಿದು ಹುಡುಕುತ್ತಾನೆ. ಇಲ್ಲಿ ಪ್ರೇಮವೇ ತನಿಖೆ. ಸುನಿಲ್ ಕುಮಾರ್ ದೇಸಾಯಿ 1995ರಲ್ಲಿ ಅನಂತನಾಗ್ ಅವರನ್ನು ಇಟ್ಟುಕೊಂಡು ಇದನ್ನು ಸಿನಿಮಾ ಮಾಡಿದಾಗ, ಕೊಲೆಯೇ ಇಲ್ಲದ ಪತ್ತೇದಾರಿ ಕಥೆಯನ್ನು ಕನ್ನಡಿಗರು ಖುಷಿಯಿಂದ ಒಪ್ಪಿಕೊಂಡರು. ಅದಕ್ಕೂ ಮೊದಲೇ, 1968ರ 'ಜೇಡರ ಬಲೆ'ಯಲ್ಲಿ ಲೋಹವನ್ನು ಚಿನ್ನವಾಗಿಸುವ ಸೂತ್ರದ ಬೆನ್ನು ಹತ್ತಿದ ಸಿಐಡಿ 999 ಆಗಿ ರಾಜ್‌ಕುಮಾರ್ ಬಂದಿದ್ದರು. ವಿಜ್ಞಾನ, ಗೂಢಚರ್ಯೆ, ಹಾಡು ಎಲ್ಲವೂ ಅಲ್ಲಿದ್ದವು. ಆದರೆ ಸೂತ್ರ ಕದಿಯುವ ಸಾಮಾನಾಗಿತ್ತೇ ಹೊರತು, ಅದು ನಿಜವಾದರೆ ಲೋಕ ಹೇಗೆ ಬದಲಾಗುತ್ತದೆ ಎಂಬ ಪ್ರಶ್ನೆ ಯಾರನ್ನೂ ಕಾಡಲಿಲ್ಲ.

ಭವಿಷ್ಯದ ವಿಷಯದಲ್ಲಿ ಕನ್ನಡದ ಕೊರತೆ ಇನ್ನೊಂದು ಬಗೆಯದು. ಧಾರವಾಡದ ರಾಜಶೇಖರ ಭೂಸನೂರಮಠರು 'ಮನ್ವಂತರ'ದಂಥ ಕೃತಿಗಳಿಂದ ವಿಜ್ಞಾನ ಕಾದಂಬರಿಗೆ ಗಂಭೀರ ಓದುಗರನ್ನು ತಂದರು. ಮನು ಅವರ 'ಮಹಾಸಂಪರ್ಕ' ಮಹಾಭಾರತಕ್ಕೂ ಅನ್ಯಗ್ರಹದವರಿಗೂ ನಂಟು ಹಾಕಿತು. ಎಸ್.ಎಲ್. ಭೈರಪ್ಪನವರ 'ಯಾನ' (2014) ಗಂಡುಹೆಣ್ಣಿನ ಸಂಬಂಧವನ್ನು ಹಿಂದಿರುಗಿ ಬಾರದ ಅಂತರಿಕ್ಷ ನೌಕೆಯಲ್ಲಿಟ್ಟು ಪರೀಕ್ಷಿಸಿತು. ಕೃಷಿ ವಿಜ್ಞಾನಿ ಕೆ.ಎನ್. ಗಣೇಶಯ್ಯನವರು 'ಕನಕ ಮುಸುಕು', 'ಕರಿಸಿರಿಯಾನ', 'ಬಳ್ಳಿಕಾಳ ಬೆಳ್ಳಿ'ಗಳಲ್ಲಿ ಚಿತ್ರ, ಅಡಿಟಿಪ್ಪಣಿ, ಶಾಸನಗಳನ್ನೇ ಸುಳಿವಾಗಿಸಿ ಹೊಸ ಓದುಗ ಬಳಗವನ್ನು ಕಟ್ಟಿದರು. ಇವರೆಲ್ಲರೂ ಹೋದ ದಿಕ್ಕು ನೋಡಿ: ಒಬ್ಬರು ನಕ್ಷತ್ರಕ್ಕೆ, ಒಬ್ಬರು ಪುರಾಣಕ್ಕೆ, ಇನ್ನೊಬ್ಬರು ಇತಿಹಾಸಕ್ಕೆ. ನಲವತ್ತು ವರ್ಷಗಳ ಮುಂದಿನ ಹುಬ್ಬಳ್ಳಿ, ಮೈಸೂರು ಅಥವಾ ಮಂಗಳೂರಿನ ಒಂದು ಬೀದಿ ಇವರ ಕಣ್ಣಿಗೆ ಬೀಳಲಿಲ್ಲ. ಪೊಲೀಸ್ ಕಾದಂಬರಿಗೆ ಬೇಕಾದದ್ದು ಬೀದಿಯೇ.

ಬೀದಿ, ವಿಜ್ಞಾನ, ಪ್ರೇಮ, ತನಿಖೆ ನಾಲ್ಕೂ ಒಟ್ಟಿಗೆ ಬಂದ ಕೃತಿ ಯಾವುದು ಎಂದರೆ ಪೂರ್ಣಚಂದ್ರ ತೇಜಸ್ವಿಯವರ 'ಚಿದಂಬರ ರಹಸ್ಯ'ದ ಹೆಸರು ಹೇಳಬೇಕು. 1985ರ ಈ ಕಾದಂಬರಿಗೆ 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಏಲಕ್ಕಿ ವಿಜ್ಞಾನಿ ಜೋಗಿಹಾಳರ ಸಾವಿನ ಜಾಡು ಹಿಡಿದು ಗುಪ್ತಚರ ಇಲಾಖೆಯ ಅಂಗಡಿ ಕೆಸರೂರಿಗೆ ಬರುತ್ತಾನೆ. ಏಲಕ್ಕಿ ಬೆಳೆ ಯಾಕೆ ಸಾಯುತ್ತಿದೆ ಎಂಬ ಪ್ರಶ್ನೆಯೂ ವಿಜ್ಞಾನಿ ಯಾಕೆ ಸತ್ತ ಎಂಬ ಪ್ರಶ್ನೆಯೂ ಅಕ್ಕಪಕ್ಕದಲ್ಲೇ ನಡೆಯುತ್ತವೆ. ಅದೇ ಊರಿನಲ್ಲಿ ರಫಿ ಮತ್ತು ಜಯಂತಿಯ ಒಲವು ಕುಡಿಯೊಡೆಯುತ್ತದೆ. ಊರಿನ ಮತೀಯ ಅನುಮಾನಗಳಿಗೆ ಅದು ಕಿಡಿಯಾಗುತ್ತದೆ. ಪ್ರೇಮ ಇಲ್ಲಿ ನಾಯಕನಿಗೆ ಸಿಗುವ ಬಹುಮಾನವಲ್ಲ, ಇಡೀ ಊರಿನ ಆರೋಗ್ಯವನ್ನು ಅಳೆಯುವ ಪರೀಕ್ಷೆ.

ತೇಜಸ್ವಿ ಪತ್ತೇದಾರಿಯ ನಿಯಮವನ್ನು ಬೇಕೆಂದೇ ಮುರಿಯುತ್ತಾರೆ. ತನಿಖೆ ಮುಂದೆ ಹೋದಷ್ಟೂ ಊರಿನ ಗೊಂದಲ ದಟ್ಟವಾಗುತ್ತದೆ, ಕೊನೆಗೆ ಎಲ್ಲವನ್ನೂ ಬೆಂಕಿ ಸುತ್ತುವರಿಯುತ್ತದೆ. ಕಾದಂಬರಿಯಾಗಿ ಇದು ಅದರ ದೊಡ್ಡ ಗೆಲುವು. ಆದರೆ ಆಮೇಲೆ ಬಂದವರಿಗೆ ಅದು ಮಾದರಿಯಾಗುವುದು ಕಷ್ಟವಾಯಿತು. ರಹಸ್ಯ ಬಿಡಿಸದಿರುವ ಹಕ್ಕು ತೇಜಸ್ವಿಗೆ ಸಿಕ್ಕಿದ್ದು ಊರನ್ನು ಅಷ್ಟು ಚೆನ್ನಾಗಿ ಕಟ್ಟಿದ್ದರಿಂದ. ಆ ಕಟ್ಟುವಿಕೆಯಿಲ್ಲದೆ ಬಿಡಿಸದೆ ಬಿಟ್ಟ ಒಗಟು ಬರೀ ಸೋಮಾರಿತನ. 'ಜುಗಾರಿ ಕ್ರಾಸ್' (1994) ಇದಕ್ಕಿಂತ ಬಿಗಿಯಾದ ಹೆಣಿಗೆ. ಸುರೇಶ, ಗೌರಿ ಎಂಬ ಗಂಡಹೆಂಡಿರು ತಮಗೇ ಗೊತ್ತಿಲ್ಲದೆ ಕಳ್ಳ ವ್ಯವಹಾರದ ಸುಳಿಯಲ್ಲಿ ಸಿಕ್ಕಿಬೀಳುತ್ತಾರೆ. ದಾಂಪತ್ಯದ ಸಲಿಗೆಯನ್ನು ಥ್ರಿಲ್ಲರಿನ ವೇಗದೊಳಗೆ ಇಷ್ಟು ಸಹಜವಾಗಿ ತಂದ ಇನ್ನೊಂದು ಕನ್ನಡ ಕಾದಂಬರಿ ನೆನಪಿಗೆ ಬರುವುದು ಕಷ್ಟ.

ಮಲೆನಾಡಿಗೆ ತೇಜಸ್ವಿ ಸಿಕ್ಕಂತೆ ಕರಾವಳಿಯ ನಗರಕ್ಕೆ ಈ ಪ್ರಕಾರದಲ್ಲಿ ಅಂಥ ಬರಹಗಾರರು ಇನ್ನೂ ಸಿಗಬೇಕಾಗಿದೆ. ಸಾಮಗ್ರಿಗೇನೂ ಕೊರತೆಯಿಲ್ಲ, ಮಂಗಳೂರಿನ ಪಡೀಲ್ ಒಂದೇ ಸಾಕು. ಹಿಂದೆ ಕಂಕನಾಡಿ ಎನ್ನುತ್ತಿದ್ದ ಮಂಗಳೂರು ಜಂಕ್ಷನ್ ರೈಲು ನಿಲ್ದಾಣ ಇಲ್ಲೇ ಇದೆ. ನಿಲ್ದಾಣ ದಕ್ಷಿಣ ರೈಲ್ವೆಯ ಪಾಲಕ್ಕಾಡ್ ವಿಭಾಗದ್ದು. ಪಡೀಲ್ ದಾಟಿ ಹಾಸನದತ್ತ ಹೊರಟ ಹಳಿ ನೈಋತ್ಯ ರೈಲ್ವೆಯ ಮೈಸೂರು ವಿಭಾಗಕ್ಕೆ ಸೇರಿದ್ದು. ತುಸು ಉತ್ತರಕ್ಕೆ, ತೋಕೂರಿನಲ್ಲಿ ಕೊಂಕಣ ರೈಲ್ವೆ ಶುರು. ಬೆಂಗಳೂರು ಹೆದ್ದಾರಿಯೂ ಇಲ್ಲಿಂದಲೇ ಫರಂಗಿಪೇಟೆಯ ಕಡೆ ಹಾಯುತ್ತದೆ. ಹಳಿಯ ಪಕ್ಕ ಒಂದು ಹೆಣ ಸಿಕ್ಕಿತೆಂದರೆ ಕಥೆಯ ಮೊದಲ ಪ್ರಶ್ನೆ ಕೊಂದವರು ಯಾರು ಎಂಬುದಲ್ಲ, ಕೇಸು ಯಾರದು ಎಂಬುದು: ರೈಲ್ವೆ ಪೊಲೀಸರದೋ, 2010ರಲ್ಲಿ ಹುಟ್ಟಿದ ನಗರ ಕಮಿಷನರೇಟಿನದೋ? 2025ರಲ್ಲಿ ಜಿಲ್ಲಾಧಿಕಾರಿ ಕಚೇರಿಯ ಹೊಸ ಸಂಕೀರ್ಣವೂ ಪಡೀಲಿನಲ್ಲೇ ತೆರೆಯಿತು. ಮೊನ್ನೆ ಮೊನ್ನೆಯವರೆಗೆ ಊರಿನ ಅಂಚಾಗಿದ್ದ ಜಾಗ ಜಿಲ್ಲೆಯ ಆಡಳಿತದ ನಡುಮನೆಯಾಗಿದೆ. ಇದರ 2060ರ ರೂಪವನ್ನು ಊಹಿಸಲು ಅಂತರಿಕ್ಷ ನೌಕೆ ಬೇಕಿಲ್ಲ.

ಭವಿಷ್ಯ ಠಾಣೆಗೆ ಆಗಲೇ ಬಂದು ಕೂತಿದೆ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಶೋಧ ಮತ್ತು ಜಪ್ತಿಯ ವಿಡಿಯೊ ಚಿತ್ರೀಕರಣವನ್ನು ಕಡ್ಡಾಯ ಮಾಡಿತು. ಏಳು ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬರಬೇಕೆಂದಿತು. ಸರಹದ್ದು ಯಾವುದೇ ಇರಲಿ, ದೂರು ದಾಖಲಿಸಿಕೊಳ್ಳಬೇಕೆಂಬ 'ಜೀರೊ ಎಫ್‌ಐಆರ್'ಗೆ ಕಾನೂನಿನ ಬಲ ಕೊಟ್ಟಿತು. ಅರಗಿನ ಮೊಹರಿನ ಜಾಗಕ್ಕೆ ಮೊಬೈಲ್ ಕ್ಯಾಮೆರಾ ಬಂದಾಗ ಸುಳ್ಳು ಸಾಕ್ಷಿಯ ರೂಪವೂ ಬದಲಾಗುತ್ತದೆ. ತುಳುವಿನಲ್ಲೋ ಬ್ಯಾರಿಯಲ್ಲೋ ಕೊಟ್ಟ ಹೇಳಿಕೆ ಕನ್ನಡದಲ್ಲಿ ದಾಖಲಾಗುವಾಗ ಏನು ಉಳಿಯುತ್ತದೆ, ಏನು ಸೋರುತ್ತದೆ ಎಂಬುದು ಯಂತ್ರವೇ ಬರೆದುಕೊಳ್ಳುವ ಕಾಲದಲ್ಲಿ ಇನ್ನೂ ತೀಕ್ಷ್ಣವಾದ ಪ್ರಶ್ನೆ.

ಪ್ರೇಮ ಮತ್ತು ಅಪರಾಧ ಒಂದಕ್ಕೊಂದು ಹೆಣೆದುಕೊಂಡ ಕೇಸನ್ನು ಈ ಜಿಲ್ಲೆ ನಿಜಜೀವನದಲ್ಲೇ ಕಂಡಿದೆ. ಮದುವೆಯ ಆಸೆ ತೋರಿಸಿ ಹೆಣ್ಣುಮಕ್ಕಳನ್ನು ಕರೆದೊಯ್ದು ಸಯನೈಡ್ ಕೊಟ್ಟು ಕೊಲ್ಲುತ್ತಿದ್ದ ಮೋಹನ್ ಕುಮಾರ್ 2009ರಲ್ಲಿ ಸಿಕ್ಕಿಬಿದ್ದ. ಜಾಡು ತೋರಿಸಿದ್ದು ಮೊಬೈಲ್ ಕರೆಗಳ ದಾಖಲೆ. ಮಂಗಳೂರಿನ ನ್ಯಾಯಾಲಯ 2013ರಲ್ಲಿ ಅವನನ್ನು ದೋಷಿ ಎಂದಿತು. 2023ರ ಹಿಂದಿ ವೆಬ್ ಸರಣಿ 'ದಹಾಡ್'ಗೆ ಈ ಪ್ರಕರಣವೇ ಪ್ರೇರಣೆ ಎಂದು ವರದಿಗಳಾದವು. ಸರಣಿ ಕಥೆಯನ್ನು ರಾಜಸ್ಥಾನಕ್ಕೆ ಸಾಗಿಸಿತು, ಮಹಿಳಾ ಸಬ್ ಇನ್ಸ್‌ಪೆಕ್ಟರೊಬ್ಬರನ್ನು ನಡುವೆ ನಿಲ್ಲಿಸಿತು, ವರದಕ್ಷಿಣೆ ಕೊಡಲಾಗದ ಮನೆಗಳ ಮೌನವನ್ನು ತನಿಖೆಯ ಭಾಗ ಮಾಡಿತು. ಕಾಣೆಯಾದ ಮಗಳ ಬಗ್ಗೆ ಮನೆಯವರು ದೂರು ಕೊಡಲು ಯಾಕೆ ಹಿಂಜರಿದರು ಎಂಬ ಪ್ರಶ್ನೆಗೆ ಉತ್ತರ ಹುಡುಕಿದ್ದೇ ಅದರ ಹೆಚ್ಚುಗಾರಿಕೆ.

ಹೊಸ ಬರಹಗಾರರಲ್ಲಿ ಭರವಸೆಯ ಗುರುತುಗಳಿವೆ. ಅನುಷ್ ಶೆಟ್ಟಿ 'ಆಹುತಿ', 'ಹುಲಿ ಪತ್ರಿಕೆ', 'ಜೋಡ್ಪಾಲ'ಗಳಲ್ಲಿ ಕಾಡು, ಘಾಟಿ ದಾರಿ, ಸಣ್ಣ ಊರುಗಳನ್ನು ಥ್ರಿಲ್ಲರಿಗೆ ಮರಳಿ ತಂದಿದ್ದಾರೆ. ವಾರಪತ್ರಿಕೆಯ ಧಾರಾವಾಹಿಯನ್ನು ಕಾಯದೆ ನೇರವಾಗಿ ಪುಸ್ತಕ ಕೊಳ್ಳುವ ಯುವ ಓದುಗರು ಇದ್ದಾರೆ. ಮೈಲ್ಯಾಂಗ್‌ನಂಥ ವೇದಿಕೆಗಳಿಂದ ಇ-ಪುಸ್ತಕ, ಆಡಿಯೊ ಪುಸ್ತಕಗಳ ದಾರಿಯೂ ತೆರೆದಿದೆ. ಇನ್ನೂ ಕಾಣದಿರುವುದು ದೀರ್ಘ ಉಸಿರಿನ ಸರಣಿ: ಒಂದೇ ಠಾಣೆ, ವಯಸ್ಸಾಗುತ್ತ ಹೋಗುವ ಒಬ್ಬ ತನಿಖಾಧಿಕಾರಿ, ಪುಸ್ತಕದಿಂದ ಪುಸ್ತಕಕ್ಕೆ ಹದಗೊಳ್ಳುವ ಅಥವಾ ಹದಗೆಡುವ ಒಂದು ಸಂಬಂಧ. ನರಸಿಂಹಯ್ಯನವರಿಗೆ ಐನೂರು ಪುಸ್ತಕಗಳ ಉಸಿರಿತ್ತು, ಬೆನ್ನಿಗೆ ಓದುಗರೂ ಇದ್ದರು. ಇಲ್ಲದಿದ್ದದ್ದು ಠಾಣೆಯ ಒಳಗಿನ ಪರಿಚಯ. ಇವತ್ತಿನವರಿಗೆ ಆ ಪರಿಚಯ ಮಾಡಿಕೊಳ್ಳುವುದು ಸುಲಭ. ಸಾಮಾನ್ಯ ವಿಚಾರಣೆ ತೆರೆದ ನ್ಯಾಯಾಲಯದಲ್ಲೇ ನಡೆಯುತ್ತದೆ, ತೀರ್ಪುಗಳು ಇಂಟರ್‌ನೆಟ್ಟಿನಲ್ಲಿ ಸಿಗುತ್ತವೆ. ಒಂದು ಸೆಷನ್ಸ್ ಕೇಸನ್ನು ಮೊದಲಿನಿಂದ ಕೊನೆಯವರೆಗೆ ಕೂತು ಕೇಳುವ ತಾಳ್ಮೆಯಿದ್ದ ಕಾದಂಬರಿಕಾರನಿಗೆ 2060ರ ಪಡೀಲಿನ ಠಾಣೆಗೆ ಬೇಕಾದ ಅರ್ಧ ಸಾಮಗ್ರಿ ಅಲ್ಲೇ ಸಿಕ್ಕೀತು.