ಕಬ್ಬಿಣದ ಸ್ಫಟಿಕಗಳ ಅತಿವಾಹಕತೆ: ಪರಿಭಾಷಾವಿಚಾರ

ಶಹಾಬಾದ, ವಾಡಿ, ಚಿತ್ತಾಪುರಗಳ ಕಡೆಯ ಗಣಿಗಳಲ್ಲಿ ಸುಣ್ಣಕಲ್ಲನ್ನು ಪದರುಪದರಾಗಿ ಸೀಳಿ ಹಾಸುಗಲ್ಲು ತೆಗೆಯುವುದನ್ನು ಕಂಡವರಿಗೆ ಕಬ್ಬಿಣ ಸೆಲೆನಿಯಂಗಳ ಸ್ಫಟಿಕರಚನೆಯನ್ನು ತಿಳಿಸುವುದು ಕಷ್ಟವಾಗದು. ಅದೂ ಪದರುಗಳ ಪೇರಿಕೆಯೇ. ಆದರೆ ಆ ಪದರುಗಳಲ್ಲಿ ಎಲೆಕ್ಟ್ರಾನುಗಳು ಹೊಂದುವ ಸ್ಥಿತಿಗಳನ್ನು ಕನ್ನಡದಲ್ಲಿ ಹೇಳಹೊರಟೊಡನೆ ನಮ್ಮ ಪದಗಳು ತೊಡಕಿಕ್ಕುವುವು.

1911ರಲ್ಲಿ ಕಾಮರ್ಲಿಂಗ್ ಓನ್ನೆಸನು ಪಾದರಸದಲ್ಲಿ ಕಂಡ, ವಿದ್ಯುತ್ತಿಗೆ ತಡೆಯೇ ಇಲ್ಲದಿರುವ ಧರ್ಮಕ್ಕೆ ‘ಅತಿವಾಹಕತೆ’ ಎಂಬ ಹೆಸರು ರೂಢವಾಗಿರುತ್ತದೆ. ‘ಅತಿ’ಯೆಂದರೆ ಹೆಚ್ಚಳವೆಂದು ಬಗೆದ ವಿದ್ಯಾರ್ಥಿಯು ಇದು ತಾಮ್ರಕ್ಕಿಂತ ತುಸು ಮಿಗಿಲಾದ ವಾಹಕವೆಂದೇ ತಿಳಿಯುವನು. ಅದು ಪ್ರಮಾದ. ಇಲ್ಲಿ ತಡೆಯು ಕುಗ್ಗುವುದಲ್ಲ, ಇಲ್ಲವಾಗುವುದು. ಮೇಲಾಗಿ 1933ರಲ್ಲಿ ಮೈಸ್ನರ್, ಓಕ್ಸೆನ್‌ಫೆಲ್ಡರು ತೋರಿಸಿದಂತೆ ಆ ವಸ್ತುವು ಕಾಂತಕ್ಷೇತ್ರವನ್ನು ತನ್ನೊಡಲಿನಿಂದ ಹೊರದೂಡುವುದು. ಆದರೂ ಪದವನ್ನು ಬಿಡಬೇಕಾಗಿಲ್ಲ. ಪಾಣಿನಿಯು ‘ಅತಿ’ಗೆ ಅತಿಕ್ರಮಣವೆಂಬ ಅರ್ಥವನ್ನೂ ಹೇಳಿರುವನು, ‘ಅತಿಮಾನುಷ’ದಲ್ಲಿರುವಂತೆ ಮೀರಿದುದೆಂದು ಗ್ರಹಿಸಿದರೆ ಸಾಕು. ಇದನ್ನು ತೊರೆದು ‘ಅತಿಹರಿವು’ ಎಂದು ಯಾರಾದರೂ ಹೊಸೆದರೆ ಒಪ್ಪಲಾಗದು. ಸೇಡಂ ತಾಲೂಕಿನ ಮಳಖೇಡವೇ ಮಾನ್ಯಖೇಟ. ಅಲ್ಲಿಯ ಆಸ್ಥಾನದ ಕವಿರಾಜಮಾರ್ಗವು ಸಂಸ್ಕೃತ ಕನ್ನಡಗಳನ್ನು ವಿವೇಚನೆಯಿಲ್ಲದೆ ಸಮಾಸಮಾಡುವುದನ್ನು ದೂಷಿಸಿದೆ. ಈ ಸೀಮೆಯವರಾದರೂ ಅದನ್ನು ಮರೆಯಬಾರದು.

ಇದಕ್ಕಿಂತ ಕೆಟ್ಟದ್ದು ‘ಹಂತ’ವೆಂಬ ಮಾತು. 2008ರಲ್ಲಿ ಟೋಕಿಯೋದ ಹೊಸೊನೊ ಮತ್ತು ಸಂಗಡಿಗರು ಲ್ಯಾಂಥನಂ, ಕಬ್ಬಿಣ, ಆರ್ಸೆನಿಕ್, ಆಮ್ಲಜನಕಗಳ ಸಂಯುಕ್ತದಲ್ಲಿ ಆಮ್ಲಜನಕದ ಒಂದಂಶಕ್ಕೆ ಬದಲಾಗಿ ಫ್ಲೋರಿನ್ನನ್ನು ಸೇರಿಸಿ, 26 ಕೆಲ್ವಿನ್ನಿನಲ್ಲಿ, ಎಂದರೆ ನೀರು ಹೆಪ್ಪುಗಟ್ಟುವುದಕ್ಕಿಂತ ಸುಮಾರು 247 ಅಂಶ ಕೆಳಗೆ, ಅತಿವಾಹಕತೆಯನ್ನು ಪಡೆದರು. ಕಾಂತಗುಣಕ್ಕೆ ತವರಾದ ಕಬ್ಬಿಣದಲ್ಲಿ ಇದು ದೊರೆತದ್ದು ಎಲ್ಲರಿಗೂ ಬೆರಗು. ಫ್ಲೋರಿನ್ ಸೇರದ ಮೂಲಸಂಯುಕ್ತವನ್ನು ತಣಿಸಿದರೆ ಕಬ್ಬಿಣದ ಪರಮಾಣುಗಳ ಕಾಂತಗಳು ಸಾಲುಸಾಲಾಗಿ ಒಂದಕ್ಕೊಂದು ವಿರುದ್ಧವಾಗಿ ನಿಲ್ಲುವುವು. ಈ ಕಾಂತವ್ಯವಸ್ಥೆ ಅಡಗಿದಲ್ಲಿ ಅತಿವಾಹಕತೆ ತಲೆಯೆತ್ತುವುದು. ಇಷ್ಟೇ ಆಗಿದ್ದರೆ ‘ಹಂತ’ವೆಂದರೂ ನಡೆಯುತ್ತಿತ್ತು. ಆದರೆ ಕೋಬಾಲ್ಟ್ ಬೆರೆತ ಬೇರಿಯಂ–ಕಬ್ಬಿಣ–ಆರ್ಸೆನಿಕ್ ಸ್ಫಟಿಕದಲ್ಲಿ, ಬೆರಕೆಯ ಒಂದು ಮೇರೆಯೊಳಗೆ, ಎರಡೂ ಕೂಡಿಯೇ ಇರುವುವು. ಮೆಟ್ಟಿಲುಗಳಲ್ಲಿ ಒಂದನ್ನು ಬಿಟ್ಟಲ್ಲದೆ ಇನ್ನೊಂದರಲ್ಲಿ ನೆಲೆಯಿಲ್ಲ. ‘ಅವಸ್ಥೆ’ಯೇ ಯುಕ್ತ. ಜಾಗ್ರತ್ಸ್ವಪ್ನಗಳು ಒಟ್ಟಿಗೆ ಇರಲಾರವಷ್ಟೆ ಎಂದು ವೇದಾಂತಿಗಳು ಆಕ್ಷೇಪಿಸಿಯಾರು; ಯೌವನಾವಸ್ಥೆಯೂ ರೋಗಾವಸ್ಥೆಯೂ ಒಬ್ಬನಲ್ಲೇ ಕೂಡುವುದನ್ನು ಅವರೂ ಬಲ್ಲರು.

ಇನ್ನು ‘ನೆಮ್ಯಾಟಿಕ್’. ಇದು ನೂಲೆಂಬ ಅರ್ಥದ ಗ್ರೀಕ್ ಶಬ್ದದಿಂದ ಹುಟ್ಟಿ, ದ್ರವಸ್ಫಟಿಕಗಳಿಂದ ಇಲ್ಲಿಗೆ ಬಂದುದು. ‘ತಂತ್ವವಸ್ಥೆ’ಯೆಂದು ಭಾಷಾಂತರಿಸಿದರೆ ಓದುಗನು ಇಲ್ಲದ ನೂಲನ್ನು ಹುಡುಕುವನು. ಕಬ್ಬಿಣದ ಸೆಲೆನೈಡನ್ನು ಸುಮಾರು 90 ಕೆಲ್ವಿನ್ನಿಗೆ ಇಳಿಸಿದಾಗ ಅದರ ಚೌಕಜಾಲದ ಎರಡು ದಿಕ್ಕುಗಳು ಅಸಮವಾಗುವುವು, ಅಷ್ಟೇ. ಅತಿವಾಹಕತೆ ಬರುವುದು ಇನ್ನೂ ಕೆಳಗೆ, ಸುಮಾರು 8 ಕೆಲ್ವಿನ್ನಿನಲ್ಲಿ. ಆದುದರಿಂದ ‘ದಿಗ್ಭೇದಾವಸ್ಥೆ’ ಎಂದು ನಮ್ಮ ಸೂಚನೆ. ಮೇಲೆ ಹೇಳಿದ ಬೇರಿಯಂ ಸ್ಫಟಿಕದಲ್ಲಿ ಜಾಲದ ವಿಕಾರವು ನೂರರಲ್ಲಿ ಒಂದಂಶಕ್ಕಿಂತಲೂ ಕಡಿಮೆ. ವಿದ್ಯುತ್ತಡೆಯಲ್ಲಿ ಕಾಣುವ ದಿಗ್ಭೇದವಾದರೋ ಅದಕ್ಕಿಂತ ಎಷ್ಟೋ ದೊಡ್ಡದು. ಈ ಭೇದಕ್ಕೆ ಜಾಲವಲ್ಲ, ಎಲೆಕ್ಟ್ರಾನುಗಳೇ ಮೂಲವೆಂದು ಬಹುಜನ ವಿಜ್ಞಾನಿಗಳ ಮತ. ಅದು ಅತಿವಾಹಕತೆಗೆ ನೆರವೋ ಅಡ್ಡಿಯೋ ಎಂಬ ವಾದ ಮಾತ್ರ ಇನ್ನೂ ಮುಗಿದಿಲ್ಲ.